ಪದವಿ ಮುಗಿದರೂ ಮುಗಿಯದ ಪಾಠ

ಯಲಹಂಕದಿಂದ ಕಟ್ಟಿಗೇನಹಳ್ಳಿ ದಾಟಿ ಬಾಗಲೂರಿನ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಕಾಲೇಜುಗಳು, ವಿದ್ಯಾರ್ಥಿಗಳಿಗಾಗಿ ಕಟ್ಟಿದ ಬಾಡಿಗೆ ಕೊಠಡಿಗಳು, ಏಳುತ್ತಿರುವ ಹೊಸ ಕಟ್ಟಡಗಳು ಕಾಣುತ್ತವೆ. ನಡುನಡುವೆ ಇನ್ನೂ ಉಳಿದುಕೊಂಡಿರುವ ತರಕಾರಿ ಹೊಲಗಳೂ ಹೂವಿನ ತೋಟಗಳೂ ಇವೆ. ಇಂಥ ಒಂದು ಕೊಠಡಿಯಲ್ಲಿ ನಾಲ್ವರು ಗೆಳೆಯರೊಂದಿಗೆ ಇರುವ ಪದವಿ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬೇಸಿಗೆಯ ದಿನ. ಮೈಗೆ ಅಂಟುವ ಜೀನ್ಸ್ ಪ್ಯಾಂಟು, ಬಸ್ಸಿನಲ್ಲಿ ನಿಂತು ಪ್ರಯಾಣ, ಬೆವರು. ತೊಡೆಯ ಸಂದಿನಲ್ಲಿ ಕಡಿತ ಶುರುವಾಗುತ್ತದೆ. ಯಾರಿಗೂ ಹೇಳಿಕೊಳ್ಳುವಂತಿಲ್ಲ. ಸಂಜೆ ಔಷಧದ ಅಂಗಡಿಯ ಮುಂದೆ ಬೇರೆಯವರು ಹೋಗುವವರೆಗೆ ಕಾದು ನಿಲ್ಲುತ್ತಾನೆ.

"ಅಣ್ಣಾ, ಸಂದೀಲಿ ತುಂಬ ಕಡಿತ. ಏನಾದ್ರೂ ಮುಲಾಮು ಇದ್ರೆ ಕೊಡಿ."

"ಇದನ್ನ ಹಚ್ಚಪ್ಪಾ, ಎರಡು ದಿನದಲ್ಲಿ ಹೋಗುತ್ತೆ."

ಎರಡು ದಿನದಲ್ಲಿ ಕಡಿತ ಹೋಗುವುದೇನೋ ನಿಜ. ಟ್ಯೂಬು ಮುಗಿದ ಮೇಲೆ ಅದು ಮತ್ತೆ ಬರುತ್ತದೆ. ಈ ಬಾರಿ ಹಿಂದಿಗಿಂತ ಅಗಲವಾಗಿ, ಸೊಂಟದವರೆಗೂ ಹಬ್ಬಿರುತ್ತದೆ. ಇನ್ನೊಂದು ಟ್ಯೂಬು, ಮತ್ತೊಂದು ಟ್ಯೂಬು. ಹಬ್ಬಕ್ಕೆ ಊರಿಗೆ ಹೋದಾಗ ಮನೆಯವರೊಂದಿಗೆ ಒಂದೇ ಟವೆಲು ಬಳಸಿದ್ದರಿಂದ ತಂಗಿಗೂ ಅಂಟುತ್ತದೆ. ಕೊನೆಗೆ ತಾಯಿ ಇಬ್ಬರನ್ನೂ ಊರಿನ ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ವೈದ್ಯರು ಅನುಭವಿಗಳು, ಒಳ್ಳೆಯ ಹೆಸರಿರುವವರು. ತಾವು ಕಾಲೇಜಿನಲ್ಲಿ ಕಲಿತಂತೆ ಎರಡು ವಾರದ ಮಾತ್ರೆ ಬರೆದುಕೊಡುತ್ತಾರೆ. ಹಿಂದೆಲ್ಲ ಅಷ್ಟಕ್ಕೇ ವಾಸಿಯಾಗುತ್ತಿತ್ತು. ಈಗ ಆಗುವುದಿಲ್ಲ.

ಇದು ಯಾರೋ ಒಬ್ಬ ಹುಡುಗನ ಕಥೆಯಲ್ಲ. ಹೆಚ್ಚುಕಡಿಮೆ ಇದೇ ಸರಣಿ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ದೇಶದ ಊರೂರಿನಲ್ಲೂ ನಡೆದಿದೆ. ಅಂಗಡಿಯವನ ಅವಸರವನ್ನೂ ಹುಡುಗನ ಸಂಕೋಚವನ್ನೂ ಇಲ್ಲಿ ತಪ್ಪೆಂದು ಎಣಿಸಬಹುದು. ಆದರೆ ಆ ವೈದ್ಯರು ಎಡವಿದ್ದೆಲ್ಲಿ? ಓದಿದ್ದನ್ನು ಅವರು ಮರೆತಿರಲಿಲ್ಲ. ಅವರು ಓದಿ ಬಂದ ಮೇಲೆ ರೋಗವೇ ಬದಲಾಗಿತ್ತು. ವೈದ್ಯರಾಗಬೇಕೆಂಬ ಆಸೆಯಿರುವ ವಿದ್ಯಾರ್ಥಿಗಳೂ, ಮಕ್ಕಳನ್ನು ವೈದ್ಯರನ್ನಾಗಿ ಮಾಡಬೇಕೆಂದಿರುವ ತಂದೆತಾಯಿಗಳೂ ಯೋಚಿಸಬೇಕಾದ ವಿಷಯ ಇದರಲ್ಲಿದೆ.

ಬದಲಾದ ಹುಳುಕಡ್ಡಿ

ಹಳೆ ಮೈಸೂರಿನ ಕಡೆ ಹುಳುಕಡ್ಡಿ, ಬೇರೆ ಕಡೆ ಗಜಕರ್ಣ ಎಂದು ಕರೆಯುವ ಈ ತೊಂದರೆಗೂ ಹುಳುವಿಗೂ ಸಂಬಂಧವಿಲ್ಲ. ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪದಾರ್ಥವನ್ನು ತಿಂದು ಬದುಕುವ ಶಿಲೀಂಧ್ರಗಳಿಂದ ಇದು ಬರುತ್ತದೆ. ದುಂಡಗೆ ಹರಡುತ್ತ ಹೋಗುವುದು, ಅಂಚಿನಲ್ಲಿ ಸಣ್ಣ ಗುಳ್ಳೆ ಹಾಗೂ ಹೊಟ್ಟು ಇರುವುದು, ನಡುಭಾಗ ತಿಳಿಯಾಗಿರುವುದು ಇದರ ಲಕ್ಷಣ. ಈ ಅಂಚನ್ನು ನೋಡಿಯೇ ವೈದ್ಯರು ರೋಗವನ್ನು ಗುರುತಿಸುತ್ತಿದ್ದರು.

ಅಂಗಡಿಯಲ್ಲಿ ಕೇಳಿ ತಂದ ಮುಲಾಮುಗಳಲ್ಲಿ ಹಲವುದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ ಬಳಕೆಗೆ ಬಂದದ್ದು 1952ರಲ್ಲಿ. ಇಸುಬು ಮೊದಲಾದ ಕಾಯಿಲೆಗಳಿಗೆ ಅದು ವರದಾನವೇ ಆಯಿತು. ಮೊದಲು ಬಂದ ಹೈಡ್ರೋಕಾರ್ಟಿಸೋನ್‌ಗೆ ಹೋಲಿಸಿದರೆ ಈಗಿನ ಕ್ಲೊಬೆಟಾಸಾಲ್ ನೂರಾರು ಪಟ್ಟು ಪ್ರಬಲ. ಸ್ಟೀರಾಯ್ಡ್ ಉರಿಯನ್ನೂ ಕಡಿತವನ್ನೂ ಅಡಗಿಸುತ್ತದೆ, ಆದರೆ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಶಿಲೀಂಧ್ರದ ವಿರುದ್ಧ ಚರ್ಮ ತೋರುವ ಪ್ರತಿರೋಧವನ್ನೇ ಅದು ಕುಗ್ಗಿಸುವುದರಿಂದ ಕಡಿತ ನಿಂತರೂ ಒಳಗೊಳಗೇ ಶಿಲೀಂಧ್ರ ಸುಖವಾಗಿ ಬೆಳೆಯುತ್ತದೆ. ದುಂಡನೆಯ ಅಂಚು ಅಳಿಸಿಹೋಗಿ ಯಾವ ರೋಗವೆಂದೇ ತಿಳಿಯದ ಹಾಗಾಗುತ್ತದೆ. ಹೀಗೆ ವೇಷ ಮರೆಸಿಕೊಂಡ ಹುಳುಕಡ್ಡಿಗೆ 1968ರಲ್ಲೇ ಬ್ರಿಟನ್ನಿನ ಇಬ್ಬರು ವೈದ್ಯರು 'ಟಿನಿಯಾ ಇನ್‌ಕಾಗ್ನಿಟೊ' ಎಂದು ಹೆಸರಿಟ್ಟಿದ್ದರು. ಅಂದು ಅಪರೂಪವಾಗಿದ್ದುದು ಇಂದು ನಮ್ಮಲ್ಲಿ ದಿನನಿತ್ಯದ ಸಂಗತಿ. ಅತಿಯಾಗಿ ಹಚ್ಚಿದವರ ತೊಡೆಯ ಚರ್ಮ ತೆಳುವಾಗಿ, ಗರ್ಭಿಣಿಯರ ಹೊಟ್ಟೆಯ ಮೇಲೆ ಬೀಳುವಂಥ ಗೆರೆಗಳು ಮೂಡುತ್ತವೆ. ಆ ಗೆರೆಗಳು ಮತ್ತೆ ಹೋಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಹುಳುಕಡ್ಡಿಗೆ ವೈದ್ಯರು ನೆಚ್ಚಿಕೊಂಡಿದ್ದ ಟರ್ಬಿನಾಫಿನ್ ಎಂಬ ಔಷಧಕ್ಕೆ ಬಗ್ಗದ ಶಿಲೀಂಧ್ರಗಳು ಕಾಣಿಸಿಕೊಂಡವು. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಶಿಲೀಂಧ್ರ ತಜ್ಞ ಡಾ. ಶಿವಪ್ರಕಾಶ್ ರುದ್ರಮೂರ್ತಿ ಹಾಗೂ ಸಂಗಡಿಗರು ಈ ನಿರೋಧಕ್ಕೆ ಕಾರಣವಾದ ಜೀನಿನ ಬದಲಾವಣೆಯ ಬಗ್ಗೆ 2018ರಲ್ಲಿ ಪ್ರಕಟಿಸಿದರು. 2020ರಲ್ಲಿ ಜಪಾನಿನ ಸಂಶೋಧಕರು ಇದನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ಭಾರತದ ಹೆಸರನ್ನೇ ಸೇರಿಸಿ 'ಟ್ರೈಕೋಫೈಟಾನ್ ಇಂಡೋಟಿನಿಯೇ' ಎಂದು ಕರೆದರು. 2023ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರು ಮಹಿಳೆಯರಲ್ಲಿ ಇದು ಪತ್ತೆಯಾಯಿತು. ಅವರಲ್ಲೊಬ್ಬರು ವಿದೇಶಕ್ಕೆ ಹೋಗಿಬಂದವರೇ ಅಲ್ಲ.

1990ರ ದಶಕದಲ್ಲಿ ಎಂಬಿಬಿಎಸ್ ಮುಗಿಸಿದ ವೈದ್ಯರ ಪಠ್ಯಪುಸ್ತಕದಲ್ಲಿ ಈ ಹೆಸರು ಇರುವ ಸಾಧ್ಯತೆಯೇ ಇಲ್ಲ. ಅವರು ಕಲಿತದ್ದು ಅಂದಿಗೆ ಸರಿಯಾಗಿಯೇ ಇತ್ತು. ಇಂದಿಗೆ ಅದು ಸಾಲದು, ಅಷ್ಟೇ.

ಕೆಲವೇ ವಾರಗಳ ಚರ್ಮಪಾಠ

ಎಂಬಿಬಿಎಸ್ ಓದಿನ ಅವಧಿ ನಾಲ್ಕೂವರೆ ವರ್ಷ. ನಂತರ ಒಂದು ವರ್ಷದ ಇಂಟರ್ನ್‌ಶಿಪ್. ಇದರಲ್ಲಿ ಚರ್ಮರೋಗ ವಿಭಾಗದಲ್ಲಿ ವಿದ್ಯಾರ್ಥಿ ರೋಗಿಗಳನ್ನು ನೋಡುತ್ತ ಕಳೆಯುವುದು ಕೆಲವೇ ವಾರ. ಅಂತಿಮ ಪರೀಕ್ಷೆಯಲ್ಲಿ ಚರ್ಮರೋಗಕ್ಕೆ ಪ್ರತ್ಯೇಕ ಪತ್ರಿಕೆ ಇಲ್ಲ. ಸಾಮಾನ್ಯ ವೈದ್ಯಶಾಸ್ತ್ರದ ಒಂದು ಭಾಗವಾಗಿ ಅದರ ಪ್ರಶ್ನೆ ಬರುತ್ತದೆ. ಪರೀಕ್ಷೆಯಲ್ಲಿ ಕಡಿಮೆ ಅಂಕವಿರುವ ಪಾಠವನ್ನು ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂಬುದನ್ನು ಯಾವ ಪೋಷಕರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಪದವಿ ಪಡೆದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಬಡಾವಣೆಯ ಸ್ವಂತ ಕ್ಲಿನಿಕ್ಕಿನಲ್ಲೋ ಕುಳಿತಾಗ ಬಾಗಿಲಲ್ಲಿ ನಿಲ್ಲುವವರಲ್ಲಿ ಅನೇಕರು ಚರ್ಮದ ತೊಂದರೆಯವರೇ. ಮಗುವಿನ ಕಜ್ಜಿ, ಹುಡುಗಿಯ ಮೊಡವೆ, ಮುಖದ ಬಂಗು, ಅಜ್ಜನ ಸರ್ಪಸುತ್ತು, ಗಾರೆಯವನ ಕೈ ಬಿರುಕು, ಎಲ್ಲಿಂದಲೋ ಬಂದ ಬಿಳಿ ಮಚ್ಚೆ. ಚರ್ಮರೋಗ ತಜ್ಞರು ಬಹುಪಾಲು ನಗರಗಳಲ್ಲೇ ಇರುತ್ತಾರೆ. ಬಾಗಲೂರಿನಿಂದ ಹೆಬ್ಬಾಳಕ್ಕೋ ಯಶವಂತಪುರಕ್ಕೋ ಹೋಗಿಬರುವುದೆಂದರೆ ಕೂಲಿಯವರಿಗೆ ಒಂದು ದಿನದ ಸಂಬಳ ಹೋದಂತೆ. ಹೀಗಾಗಿ ಮೊದಲ ನೋಟ ಸಾಮಾನ್ಯ ವೈದ್ಯರದೇ. ಆ ಮೊದಲ ನೋಟ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. 2025ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯೂ ಚರ್ಮರೋಗಗಳನ್ನು ಜಗತ್ತಿನ ಆರೋಗ್ಯದ ಆದ್ಯತೆಗಳಲ್ಲಿ ಒಂದಾಗಿ ಪರಿಗಣಿಸಬೇಕೆಂದು ನಿರ್ಣಯ ಕೈಗೊಂಡಿತು.

ಐದು ವರ್ಷಕ್ಕೆ ಮೂವತ್ತು ಗಂಟೆ

ಪದವಿಯ ನಂತರವೂ ವೈದ್ಯರು ಕಲಿಯುತ್ತಿರಬೇಕೆಂಬುದು ಬರೀ ಸದಾಶಯವಲ್ಲ, ನಿಯಮವೂ ಹೌದು. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿ ನಡವಳಿಕೆಯ ನಿಯಮಾವಳಿಯ ಪ್ರಕಾರ ವೈದ್ಯರು ಪ್ರತಿ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆ ನಿರಂತರ ವೈದ್ಯಕೀಯ ಶಿಕ್ಷಣದ ಕಾರ್ಯಕ್ರಮಗಳಲ್ಲಿ ಭಾಗವಹಿಸಬೇಕು. ವೈದ್ಯರ ಬಳಗದಲ್ಲಿ ಇದನ್ನು 'ಸಿಎಂಇ' ಎನ್ನುತ್ತಾರೆ. ಕರ್ನಾಟಕ ವೈದ್ಯಕೀಯ ಪರಿಷತ್ತು ನೋಂದಣಿಯ ನವೀಕರಣವನ್ನು ಇದಕ್ಕೆ ಜೋಡಿಸಿತು. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ಕಲಿಕೆಯ ಗಂಟೆಗಳ ಲೆಕ್ಕವನ್ನೂ ಒಪ್ಪಿಸಬೇಕು.

ಈ ಲೆಕ್ಕವನ್ನು ವಿದ್ಯಾರ್ಥಿಗಳು ಒಮ್ಮೆ ಮಾಡಿ ನೋಡಬಹುದು. ಐದು ವರ್ಷಕ್ಕೆ 60 ತಿಂಗಳು. 30 ಗಂಟೆಯನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ ಅರ್ಧ ಗಂಟೆ. ಪಿಯುಸಿಯ ಒಂದು ತರಗತಿಗಿಂತ ಕಡಿಮೆ. ಅದೂ ಚರ್ಮರೋಗಕ್ಕೆ ಮಾತ್ರವಲ್ಲ. ಹೃದಯ, ಮಧುಮೇಹ, ಜ್ವರ, ಮಕ್ಕಳ ಕಾಯಿಲೆ ಎಲ್ಲವೂ ಅದರಲ್ಲೇ ಬರಬೇಕು. ನಿಯಮ ಹೇಳುವುದು ಕನಿಷ್ಠದ ಮಾತು. ಅಷ್ಟಕ್ಕೇ ನಿಲ್ಲುವ ವೈದ್ಯರಿಗೂ ಅಲ್ಲಿಂದ ಮುಂದೆ ತಾವಾಗಿ ಕಲಿಯುವ ವೈದ್ಯರಿಗೂ ಇರುವ ಅಂತರ ರೋಗಿಯ ಮೈಮೇಲೆ ಕಾಣಿಸುತ್ತದೆ.

ಗಂಟೆಗಳ ಲೆಕ್ಕದಲ್ಲಿ ಇನ್ನೊಂದು ಕೊರತೆಯೂ ಇದೆ. ಹೋಟೆಲಿನ ತಂಪು ಸಭಾಂಗಣದಲ್ಲಿ ಒಂದಾದ ಮೇಲೊಂದು ಉಪನ್ಯಾಸ, ಹಾಜರಿ ಪುಸ್ತಕಕ್ಕೆ ಸಹಿ, ಮಧ್ಯಾಹ್ನದ ಊಟ, ಕೈಯಲ್ಲೊಂದು ಪ್ರಮಾಣಪತ್ರ. ಇಷ್ಟರಿಂದ ಚಿಕಿತ್ಸೆಯ ರೀತಿ ಬದಲಾಗುತ್ತದೆಯೇ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಸಮೀಕ್ಷೆ 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಬರೀ ಉಪನ್ಯಾಸ ಕೇಳಿದ ವೈದ್ಯರ ನಡವಳಿಕೆಯಲ್ಲಿ ಹೆಚ್ಚಿನ ಬದಲಾವಣೆ ಕಾಣಲಿಲ್ಲವೆಂದೂ, ತಾವೇ ಮಾಡಿ ನೋಡಿ ಚರ್ಚಿಸಿ ಕಲಿತಾಗ ಬದಲಾವಣೆ ಕಂಡಿತೆಂದೂ ಅದು ಹೇಳಿತು. ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸದ ಖರ್ಚು ಪಡೆಯಬಾರದೆಂದು 2009ರ ಡಿಸೆಂಬರಿನಲ್ಲಿ ವೈದ್ಯಕೀಯ ಪರಿಷತ್ತು ನಿಯಮಕ್ಕೆ ತಿದ್ದುಪಡಿ ತಂದುದಕ್ಕೂ ಕಾರಣವಿತ್ತು. ಮುಲಾಮು ಮಾರುವವರೇ ಮುಲಾಮಿನ ಪಾಠ ಹೇಳಿದರೆ ಆ ಪಾಠ ಎತ್ತ ವಾಲುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಒಳ್ಳೆಯ ತರಗತಿಯಲ್ಲಿ ಕಲಿಸುವುದೇನು?

ಹುಳುಕಡ್ಡಿಯ ವಿಷಯವನ್ನೇ ತೆಗೆದುಕೊಳ್ಳಬಹುದು. ಅನುಮಾನ ಬಂದರೆ ಅಂಚಿನ ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿ, ಅದಕ್ಕೆ ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಡುತ್ತಾರೆ. ಪಿಯುಸಿ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ನೋಡಿರುವ ಅದೇ ಕ್ಷಾರ. ಅದು ಚರ್ಮದ ಕೆರಾಟಿನನ್ನು ಕರಗಿಸುತ್ತದೆ. ಶಿಲೀಂಧ್ರದ ಎಳೆಗಳು ಕರಗದೆ ಉಳಿದು, ಸ್ವಲ್ಪ ಹೊತ್ತಿನಲ್ಲಿ ಸೂಕ್ಷ್ಮದರ್ಶಕದಡಿ ಕವಲೊಡೆದ ದಾರಗಳಂತೆ ಕಾಣುತ್ತವೆ. ಖರ್ಚು ಅತ್ಯಲ್ಪ. ಮಲೇರಿಯಾ, ಕ್ಷಯ ಪರೀಕ್ಷೆಗೆಂದು ಆರೋಗ್ಯ ಕೇಂದ್ರದಲ್ಲಿ ಇಟ್ಟಿರುವ ಸೂಕ್ಷ್ಮದರ್ಶಕವೇ ಸಾಕು. ಇದನ್ನು ಪರದೆಯ ಮೇಲೆ ನೋಡಿದ ವೈದ್ಯರಿಗಿಂತ ತಮ್ಮ ಕೈಯಾರೆ ನಾಲ್ಕು ಸಲ ಮಾಡಿದ ವೈದ್ಯರು ನಾಳೆಯೇ ತಮ್ಮ ಕ್ಲಿನಿಕ್ಕಿನಲ್ಲಿ ಮಾಡಲು ಮುಂದಾಗುತ್ತಾರೆ.

ಯಾವ ಔಷಧ, ಎಷ್ಟು ದಿನ ಎಂಬುದರಲ್ಲೂ ಹೊಸ ತಿಳಿವಳಿಕೆ ಬಂದಿದೆ. ಹುಳುಕಡ್ಡಿಯ ಚಿಕಿತ್ಸೆ ಭಾರತದಲ್ಲಿ ಹೇಗಿರಬೇಕೆಂದು ದೇಶದ ತಜ್ಞರು ಕೂಡಿ 2018ರಲ್ಲಿ ಒಮ್ಮತದ ಸೂಚನೆಗಳನ್ನು ಪ್ರಕಟಿಸಿದರು. ವಿಜಯಪುರದ ಡಾ. ಅರುಣ್ ಇನಾಮದಾರ್ ಆ ತಂಡದಲ್ಲಿದ್ದವರು. ಸ್ಟೀರಾಯ್ಡ್ ಬೆರೆತ ಮುಲಾಮು ಬೇಡ, ಚಿಕಿತ್ಸೆಯ ಅವಧಿ ಹಿಂದಿಗಿಂತ ಹೆಚ್ಚಿರಬೇಕು, ಮನೆಯವರನ್ನೂ ವಿಚಾರಿಸಬೇಕು ಎಂಬ ತಿಳಿವಳಿಕೆ ಊರಿನ ಕ್ಲಿನಿಕ್ಕಿನವರೆಗೆ ತಲುಪುವುದು ನಿರಂತರ ಶಿಕ್ಷಣದ ಮೂಲಕವೇ.

ಕೇಳುವುದನ್ನು ಕಲಿಯುವುದು ಎರಡನೆಯ ಪಾಠ. ಬಾಗಲೂರಿನ ಸುತ್ತಮುತ್ತ ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಕಾಣದ ಖಾಲಿ ಜಾಗವೇ ಇಲ್ಲ. ಈ ಗಿಡ 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ನಂತರ ದೇಶವನ್ನೇ ಆವರಿಸಿತು. ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನು ಅಪಾಯಕಾರಿ ಕಳೆಯೆಂದು ಘೋಷಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲೇ ಇದರಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕವು ಅಲರ್ಜಿ ಬಂದವರ ಮೇಲೆ ಮಾಡುವ ಪರಿಣಾಮವನ್ನು ಪರೀಕ್ಷಿಸಿದ್ದರು. ಇದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು ದೇಶದಲ್ಲಿ ಮೊದಲು ಬಿಟ್ಟದ್ದೂ ಬೆಂಗಳೂರಿನಲ್ಲಿಯೇ, 1984ರಲ್ಲಿ. ಇಷ್ಟೆಲ್ಲ ಇಲ್ಲೇ ನಡೆದಿದ್ದರೂ, ಕಣ್ಣೆವೆ, ಕುತ್ತಿಗೆ, ಮೊಣಕೈಯ ಒಳಮಡಿಕೆಗಳಲ್ಲಿ ದಪ್ಪಗೆ ಕಪ್ಪಾಗಿ ಕಡಿಯುವ ಚರ್ಮದೊಂದಿಗೆ ಬಂದ ರೈತನಿಗೆ 'ಬಿಸಿಲಿನ ಅಲರ್ಜಿ' ಎಂದಷ್ಟೇ ಹೇಳಿ ಕಳಿಸುವುದುಂಟು. ಬೆಳೆ ಯಾವುದು, ಕಳೆ ಕೀಳುವವರು ಯಾರು, ಊರು ಬಿಟ್ಟು ಹೋದಾಗ ಕಡಿಮೆಯಾಗುತ್ತದೆಯೇ ಎಂದು ಕೇಳಿದರೆ ದಾರಿ ಸಿಗುತ್ತದೆ. ಸೇವಂತಿಗೆಯೂ ಸೂರ್ಯಕಾಂತಿಯೂ ಪಾರ್ಥೇನಿಯಂ ಗಿಡದ ಕುಟುಂಬಕ್ಕೇ ಸೇರಿದವು. ಒಂದರ ಅಲರ್ಜಿ ಇದ್ದವರಿಗೆ ಇನ್ನೊಂದೂ ಒಗ್ಗದಿರಬಹುದು. ಹೂ ಬೆಳೆಯುವವರ ನಾಡಿನಲ್ಲಿ ಕೂತ ವೈದ್ಯರಿಗೆ ಈ ಸಸ್ಯಶಾಸ್ತ್ರ ಗೊತ್ತಿರಬೇಕು.

ಹಾಗೆಯೇ ಗಾರೆ ಕೆಲಸದವರ ಕೈ. ಸಿಮೆಂಟಿನಲ್ಲಿರುವ ಕ್ರೋಮಿಯಂ ಲವಣ ಕೆಲವರಿಗೆ ಅಲರ್ಜಿಯಾಗಿ, ಬೆರಳು ಬಿರಿದು ರಕ್ತ ಬರುವಂತೆ ಮಾಡುತ್ತದೆ. ಯಾವ ವಸ್ತುವಿನಿಂದ ಅಲರ್ಜಿ ಎಂದು ತಿಳಿಯಲು ಅನುಮಾನದ ವಸ್ತುಗಳನ್ನು ಬೆನ್ನಿಗೆ ಪಟ್ಟಿ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುವ 'ಪ್ಯಾಚ್ ಪರೀಕ್ಷೆ' ಇದೆ. ಜರ್ಮನ್ ವೈದ್ಯ ಯೋಸೆಫ್ ಯಾಡಸ್ಸೋನ್ ಇದನ್ನು 1895ರಲ್ಲಿ ತೋರಿಸಿಕೊಟ್ಟರು. ಎಲ್ಲ ಸಾಮಾನ್ಯ ವೈದ್ಯರೂ ಈ ಪರೀಕ್ಷೆಯನ್ನು ಮಾಡಬೇಕೆಂದಿಲ್ಲ. ಯಾರನ್ನು, ಯಾವಾಗ, ಎಲ್ಲಿಗೆ ಕಳಿಸಬೇಕೆಂದು ತಿಳಿದಿದ್ದರೆ ಸಾಕು. ತಜ್ಞರಲ್ಲಿಗೆ ಸಕಾಲದಲ್ಲಿ ಕಳಿಸುವುದೂ ಒಂದು ವಿದ್ಯೆಯೇ.

ಮೂರನೆಯ ಪಾಠ ಮರೆಯಬಾರದ್ದನ್ನು ನೆನಪಿಸುವುದು. ಕುಷ್ಠರೋಗ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು, ಅಂದರೆ 10,000 ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳಿದ್ದಾರೆಂದು, 2005ರ ಕೊನೆಯಲ್ಲಿ ಭಾರತ ಸಾರಿತು. ಆಮೇಲೆ ಬಹಳಷ್ಟು ಜನ ರೋಗವೇ ಇಲ್ಲವೆಂದು ತಿಳಿದರು. ರೋಗ ಇದೆ. ಬಣ್ಣ ಮಾಸಿದ, ಕಡಿತವಿಲ್ಲದ ಮಚ್ಚೆಯೊಂದರ ಮೇಲೆ ಹತ್ತಿಯ ಎಳೆಯನ್ನು ಮೆಲ್ಲಗೆ ಸೋಕಿಸಿ, ಕಣ್ಣು ಮುಚ್ಚಿದ ರೋಗಿಗೆ ಅದು ತಿಳಿಯುತ್ತದೆಯೇ ಎಂದು ನೋಡಲು ಒಂದು ನಿಮಿಷ ಬೇಕು. ಸ್ಪರ್ಶ ತಿಳಿಯದಿದ್ದರೆ ಕುಷ್ಠವೆಂದು ಅನುಮಾನಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧ ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ. ಆ ಒಂದು ನಿಮಿಷ ಉಳಿಸಿದರೆ ಮುಂದೆ ಆ ವ್ಯಕ್ತಿಯ ಕೈಬೆರಳು ಮಡಚಿಕೊಳ್ಳಬಹುದು. ಅಪರೂಪವಾಗುತ್ತಿರುವ ರೋಗವನ್ನು ಗುರುತಿಸುವ ಕಣ್ಣು ವೈದ್ಯರಲ್ಲಿ ಮಂಕಾಗದಂತೆ ನೋಡಿಕೊಳ್ಳುವುದು ನಿರಂತರ ಶಿಕ್ಷಣದ ಮುಖ್ಯ ಕೆಲಸ.

ಕಜ್ಜಿಯ ಪಾಠವಂತೂ ಇನ್ನೂ ಸರಳ. 'ರಾತ್ರಿ ಹೊತ್ತು ಕಡಿತ ಹೆಚ್ಚೇ? ಮನೆಯಲ್ಲಿ ಇನ್ಯಾರಿಗೆ ಇದೆ?' ಎಂಬ ಎರಡು ಪ್ರಶ್ನೆ, ಮತ್ತು ಮನೆಮಂದಿಗೆಲ್ಲ ಒಂದೇ ದಿನ ಚಿಕಿತ್ಸೆ. ಮಗುವಿಗೊಂದಕ್ಕೇ ಔಷಧ ಹಚ್ಚಿದರೆ ಮುಂದಿನ ತಿಂಗಳು ಅದೇ ಮಗು ಮತ್ತೆ ಬರುತ್ತದೆ.

ನಮ್ಮ ಮೈಬಣ್ಣದ ಪುಸ್ತಕ

ಚರ್ಮರೋಗವನ್ನು ಕಣ್ಣಿನಿಂದ ಕಲಿಯಬೇಕು. ಆದರೆ ಪಾಶ್ಚಾತ್ಯ ಪಠ್ಯಪುಸ್ತಕಗಳ ಚಿತ್ರಗಳು ಬಹುಪಾಲು ಬಿಳಿಯ ಚರ್ಮದವು. ಅಲ್ಲಿ 'ಕೆಂಪು ಮಚ್ಚೆ' ಎಂದಿರುವುದು ನಮ್ಮವರ ಮೈಮೇಲೆ ಕಂದು, ನೇರಳೆ, ಕೆಲವೊಮ್ಮೆ ಬೂದು ಬಣ್ಣವಾಗಿ ಕಾಣುತ್ತದೆ. ಪುಸ್ತಕದ ಕೆಂಪನ್ನೇ ಹುಡುಕುವ ಹೊಸ ವೈದ್ಯರಿಗೆ ರೋಗ ಕಾಣದೆ ಹೋಗಬಹುದು. ಲಂಡನ್ನಿನಲ್ಲಿ ಓದುತ್ತಿದ್ದ ಮಲೋನ್ ಮುಕ್ವೆಂಡೆ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಈ ಕೊರತೆ ತರಗತಿಯಲ್ಲೇ ಹೊಳೆಯಿತು. ಇಬ್ಬರು ಅಧ್ಯಾಪಕರ ಜೊತೆ ಸೇರಿ, ಕಪ್ಪು ಮತ್ತು ಕಂದು ಚರ್ಮದಲ್ಲಿ ರೋಗಲಕ್ಷಣಗಳು ಹೇಗೆ ಕಾಣುತ್ತವೆಂಬ ಕೈಪಿಡಿಯೊಂದನ್ನು 2020ರಲ್ಲಿ ಹೊರತಂದರು. ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ ಅಧ್ಯಾಪಕರಿಗೂ ಪಾಠವಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಮೈಬಣ್ಣದ ಮಾತು ಬಂದಾಗ ಹೆಣ್ಣುಮಕ್ಕಳ ತಂದೆತಾಯಿಗಳು ಒಂದು ವಿಷಯ ತಿಳಿಯಬೇಕು. ಬೆಳ್ಳಗಾಗಲೆಂದು ಮುಖಕ್ಕೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಿ, ಕೆಂಪು ನರಗಳೂ ಮೊಡವೆಗಳೂ ಎದ್ದು, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿಗೆ ಬರುವವರು ಬಹಳ. ಕೋಲ್ಕತ್ತದ ಚರ್ಮತಜ್ಞರು 2008ರಲ್ಲಿ ಇದಕ್ಕೆ 'ಸ್ಟೀರಾಯ್ಡ್‌ನಿಂದ ಹಾಳಾದ ಮುಖ' ಎಂಬ ಅರ್ಥದ ಹೆಸರನ್ನೇ ಕೊಟ್ಟರು. ಭಾರತೀಯ ಚರ್ಮತಜ್ಞರ ಸಂಘ ಈ ದುರ್ಬಳಕೆಯ ವಿರುದ್ಧ ಕಾರ್ಯಪಡೆಯೊಂದನ್ನು ರಚಿಸಿ ಒತ್ತಾಯಿಸುತ್ತ ಬಂದಿತು. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕಾನೂನು ಬಂದಿದೆ. 'ಅಣ್ಣಾ, ಒಂದು ಮುಲಾಮು ಕೊಡಿ' ಎಂಬ ಮಾತು ಮಾತ್ರ ಇನ್ನೂ ನಿಂತಿಲ್ಲ.

ಹಳ್ಳಿಯ ವೈದ್ಯರು ಕಲಿಯುವುದು ಹೇಗೆ?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ಇರುವ ವೈದ್ಯರು ಎರಡು ದಿನದ ಸಮ್ಮೇಳನಕ್ಕೆ ಹೋದರೆ ಆ ಎರಡು ದಿನ ರೋಗಿಗಳು ಬಾಗಿಲು ನೋಡಿ ವಾಪಸಾಗಬೇಕು. ಇದಕ್ಕೊಂದು ಪರಿಹಾರವನ್ನು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಭಾರತೀಯ ಮೂಲದ ವೈದ್ಯ ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದರು. ವಾರಕ್ಕೊಮ್ಮೆ ದೂರದೂರದ ವೈದ್ಯರೆಲ್ಲ ತಮ್ಮತಮ್ಮ ಜಾಗದಲ್ಲಿಯೇ ಕುಳಿತು, ವೀಡಿಯೋ ಮೂಲಕ ತಜ್ಞರ ಮುಂದೆ ತಮ್ಮದೇ ರೋಗಿಯ ವಿಚಾರವನ್ನು ಹೆಸರು ಹೇಳದೆ ಇಡುತ್ತಾರೆ. ಒಬ್ಬರ ರೋಗಿಯಿಂದ ಇಪ್ಪತ್ತು ಮಂದಿ ಕಲಿಯುತ್ತಾರೆ. 'ಎಕೋ' ಎಂದು ಹೆಸರಾದ ಈ ಕ್ರಮವನ್ನು ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯದ ತರಬೇತಿಗೆ ಬಳಸುತ್ತಿದೆ. ಅಮೆರಿಕದ ಮಿಸ್ಸೌರಿಯಲ್ಲಿ ಚರ್ಮರೋಗಕ್ಕೂ ಇದನ್ನು ಅಳವಡಿಸಿದ್ದಾರೆ. ಚಿತ್ರ ತೋರಿಸಿ ಚರ್ಚಿಸಬಹುದಾದ ಚರ್ಮರೋಗಕ್ಕೆ ಇದಕ್ಕಿಂತ ಒಗ್ಗುವ ಕ್ರಮ ಇನ್ನೊಂದಿರಲಾರದು. ನಮ್ಮ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳು ಸುತ್ತಲಿನ ಆರೋಗ್ಯ ಕೇಂದ್ರಗಳ ಜೊತೆ ಇಂಥ ವಾರದ ಒಂದು ಗಂಟೆಯನ್ನು ನಿಯಮಿತವಾಗಿ ನಡೆಸಿದರೆ ಅದರ ಫಲ ನೇರವಾಗಿ ಹಳ್ಳಿಗೆ ತಲುಪುತ್ತದೆ.

ವಿದ್ಯಾರ್ಥಿಗಳಿಗೆ, ಪೋಷಕರಿಗೆ

ನೀಟ್ ಪರೀಕ್ಷೆಯ ಅಂಕ, ಸೀಟು, ಶುಲ್ಕ ಇವಿಷ್ಟರಲ್ಲಿಯೇ ವೈದ್ಯಕೀಯ ಶಿಕ್ಷಣದ ಚರ್ಚೆ ಮನೆಗಳಲ್ಲಿ ಮುಗಿದುಹೋಗುತ್ತದೆ. 'ಒಂದು ಸಲ ಸೀಟು ಸಿಕ್ಕರೆ ಸಾಕು, ಆಮೇಲೆ ಆರಾಮ' ಎಂದು ಮಗನಿಗೋ ಮಗಳಿಗೋ ಹೇಳುವ ಮುನ್ನ ತಂದೆತಾಯಿಗಳು ಯೋಚಿಸಬೇಕು. ಇದು ನಲವತ್ತು ವರ್ಷ ಓದಬೇಕಾದ ವೃತ್ತಿ. ಓದು ಬೇಸರವೆನಿಸುವ, ಅಂಕಕ್ಕಾಗಿ ಮಾತ್ರ ಓದುವ ಮಗುವನ್ನು ಈ ದಾರಿಗೆ ನೂಕಿದರೆ ಮಗುವಿಗೂ ಕಷ್ಟ, ಮುಂದೆ ಅದರ ಮುಂದೆ ಕೂರುವ ರೋಗಿಗೂ ಕಷ್ಟ. ಚರ್ಮರೋಗದಲ್ಲಿ ಎಂ.ಡಿ. ಮಾಡಲು ಎಂಬಿಬಿಎಸ್ ನಂತರ ಮತ್ತೆ ಮೂರು ವರ್ಷ. ಅದಕ್ಕೆ ಪೈಪೋಟಿ ಬಹಳ. ಆದರೆ ತಜ್ಞರಾಗದವರೂ ಚರ್ಮವನ್ನು ಚೆನ್ನಾಗಿ ನೋಡಲು ಕಲಿಯಬಹುದು, ಕಲಿಯಲೇಬೇಕು. ಈಗಿನಿಂದಲೇ ಬೆಳೆಸಿಕೊಳ್ಳಬೇಕಾದ ಅಭ್ಯಾಸಗಳು ಸಣ್ಣವು: ಕಂಡದ್ದನ್ನು ಕಂಡಂತೆ ಬರೆದಿಡುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪುವುದು, ಹಿಂದಿನ ವರ್ಷ ಸರಿಯೆಂದು ಓದಿದ್ದನ್ನು ಈ ವರ್ಷ ಮತ್ತೆ ತೆರೆದು ನೋಡುವುದು.

ರೋಗಿಯಾಗಿ ಹೋಗುವವರ ಪಾಲೂ ಇದರಲ್ಲಿದೆ. ಚೀಟಿಯಿಲ್ಲದೆ ಅಂಗಡಿಯಿಂದ ಚರ್ಮದ ಮುಲಾಮು ತರಬಾರದು. ಈಗಾಗಲೇ ಹಚ್ಚಿದ್ದರೆ ಖಾಲಿ ಟ್ಯೂಬನ್ನಾದರೂ ಎಸೆಯದೆ ವೈದ್ಯರಿಗೆ ತೋರಿಸಬೇಕು. ಏನು ಹಚ್ಚಿದ್ದೆವೆಂದು ಮುಚ್ಚಿಟ್ಟರೆ ಎಷ್ಟು ಓದಿದ ವೈದ್ಯರೂ ದಾರಿ ತಪ್ಪುತ್ತಾರೆ. ಕಡಿತ ನಿಂತಿತೆಂದು ಔಷಧವನ್ನು ಅರ್ಧಕ್ಕೆ ಬಿಡಬಾರದು. ಟವೆಲು, ಒಳಉಡುಪು, ಹಾಸಿಗೆಗಳನ್ನು ಹಂಚಿಕೊಳ್ಳಬಾರದು. ವೈದ್ಯರು ಕೂಡಲೇ ಚೀಟಿ ಬರೆಯದೆ 'ಸ್ವಲ್ಪ ಕೂತುಕೊಳ್ಳಿ, ಪರೀಕ್ಷೆ ಮಾಡಿ ಹೇಳುತ್ತೇನೆ' ಎಂದರೆ, ಪುಸ್ತಕ ತೆರೆದು ನೋಡಿದರೆ, ಇನ್ನೊಬ್ಬರನ್ನು ಕೇಳಿ ಹೇಳುತ್ತೇನೆಂದರೆ, ಇವರಿಗೆ ಏನೂ ತಿಳಿಯದೆಂದು ಎದ್ದು ಹೋಗುವವರಿದ್ದಾರೆ. ಅಂಥ ವೈದ್ಯರನ್ನೇ ಹೆಚ್ಚು ನಂಬಬೇಕು. ಅವರು ಇನ್ನೂ ವಿದ್ಯಾರ್ಥಿಗಳಾಗಿ ಉಳಿದಿದ್ದಾರೆ.

ಮೊದಲು ಹೇಳಿದ ಹುಡುಗನ ಮಾತಿಗೆ ಬಂದರೆ, ಅವನಿಗೆ ಬೇಕಾದದ್ದು ದೊಡ್ಡ ಆಸ್ಪತ್ರೆಯೂ ಅಲ್ಲ, ದುಬಾರಿ ಔಷಧವೂ ಅಲ್ಲ. ಸಂಕೋಚ ಬಿಟ್ಟು ತೋರಿಸಿಕೊಳ್ಳುವ ಧೈರ್ಯ ಅವನಿಗೆ ಬೇಕಿತ್ತು. ಹೊಟ್ಟು ಕೆರೆದು ಕ್ಷಾರದ ಒಂದು ಹನಿ ಬಿಟ್ಟು ನೋಡುವ, 'ಹಚ್ಚಿದ ಟ್ಯೂಬು ಯಾವುದಪ್ಪಾ?' ಎಂದು ಕೇಳುವ, ತಂಗಿಯನ್ನೂ ಕರೆದುಕೊಂಡು ಬಾ ಎನ್ನುವ ವೈದ್ಯರೊಬ್ಬರು ಅವನ ಊರಿನಲ್ಲೇ ಇರಬೇಕಿತ್ತು. ಅಂಥವರು ಕಾಲೇಜಿನಲ್ಲಿ ಒಮ್ಮೆ ತಯಾರಾಗಿ ಬರುವುದಿಲ್ಲ. ಪದವಿ ಪಡೆದ ಮೇಲೆ ವರ್ಷ ವರ್ಷವೂ ಕಲಿತು ತಯಾರಾಗುತ್ತಾರೆ.